‘ರನ್’ ಎಂಬ ಕ್ರಿಯಾಪದದ ಹರಹು

ಇಂಗ್ಲಿಷಿನ ಅತಿ ದೊಡ್ಡ ಐತಿಹಾಸಿಕ ನಿಘಂಟಾದ ‘ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ’ಯಲ್ಲಿ ಅತ್ಯಂತ ಹೆಚ್ಚು ಅರ್ಥಗಳಿರುವ ಪದವೆಂಬ ಹೆಗ್ಗಳಿಕೆ ಬಹುಕಾಲ ‘ಸೆಟ್’ ಎಂಬ ಕ್ರಿಯಾಪದಕ್ಕೆ ಸಲ್ಲುತ್ತಿತ್ತು. 1989ರಲ್ಲಿ ಹೊರಬಂದ ಎರಡನೆಯ ಆವೃತ್ತಿಯಲ್ಲಿ ಆ ಪದದ 430 ಅರ್ಥಗಳನ್ನು ವಿವರಿಸುವುದಕ್ಕೆ ಸುಮಾರು 60,000 ಪದಗಳು ಬೇಕಾಗಿದ್ದವು. ಆ ಬಳಿಕ ಮೂರನೆಯ ಆವೃತ್ತಿಗಾಗಿ ಪ್ರತಿಯೊಂದು ನಮೂದನ್ನೂ ಬುಡದಿಂದ ಪರಿಷ್ಕರಿಸುತ್ತ ಬಂದ ಸಂಪಾದಕರಲ್ಲಿ ಪೀಟರ್ ಗಿಲಿವರ್ ಅವರ ಪಾಲಿಗೆ ‘ರನ್’ ಬಂದಿತು. ಕನ್ನಡದ ಶಾಲಾ ಮಕ್ಕಳು ‘ಓಡು’ ಎಂದು ಒಂದೇ ಮಾತಿನಲ್ಲಿ ಅರ್ಥ ಹೇಳಿ ಮುಗಿಸುವ ಈ ಪುಟ್ಟ ಪದದ ಮೇಲೆ ಅವರು ಒಂಬತ್ತು ತಿಂಗಳು ದುಡಿದರು; 2011ರ ಹೊತ್ತಿಗೆ ಸಿದ್ಧವಾದ ನಮೂದಿನಲ್ಲಿ ಕ್ರಿಯಾಪದ ರೂಪಕ್ಕೇ 645 ಅರ್ಥಗಳು ದಾಖಲಾದವು.

ಈ ಸಂಖ್ಯೆ ಬೆರಗು ಹುಟ್ಟಿಸುವುದು ಸಹಜವಾದರೂ ಅದನ್ನು ಹಾಗೆಯೇ ನಂಬಿಕೊಳ್ಳುವ ಮುನ್ನ ನಿಘಂಟುಕಾರರು ‘ಒಂದು ಅರ್ಥ’ ಎಂದು ಯಾವುದನ್ನು ಎಣಿಸುತ್ತಾರೆ ಎಂಬುದನ್ನು ತಿಳಿಯಬೇಕು. ಐತಿಹಾಸಿಕ ನಿಘಂಟು ಪದವೊಂದರ ಇಂದಿನ ಬಳಕೆಯನ್ನಷ್ಟೇ ಅಲ್ಲದೆ ಅದು ಬರಹದಲ್ಲಿ ಮೊದಲು ಕಾಣಿಸಿಕೊಂಡಂದಿನಿಂದ ಪಡೆದ, ಬಿಟ್ಟ, ಮತ್ತೆ ಪಡೆದ ಎಲ್ಲ ಬಳಕೆಗಳನ್ನೂ ಉದಾಹರಣೆಗಳೊಂದಿಗೆ ದಾಖಲಿಸುತ್ತದೆಯಾದ್ದರಿಂದ, 645ರಲ್ಲಿ ಎಷ್ಟೋ ಅರ್ಥಗಳು ಇಂದು ಯಾರ ಬಾಯಲ್ಲೂ ಇಲ್ಲದವು, ಇನ್ನೆಷ್ಟೋ ನಾವಿಕರಿಗೋ ಗಣಿಗಾರರಿಗೋ ಮಾತ್ರ ಗೊತ್ತಿರುವವು. ಮನುಷ್ಯ ಓಡುವುದೂ ಕುದುರೆ ಓಡುವುದೂ ಒಂದೇ ಅರ್ಥವೆ, ಎರಡೆ? ಸೂಕ್ಷ್ಮ ಭೇದಗಳನ್ನೆಲ್ಲ ಬೇರೆ ಬೇರೆಯಾಗಿ ಎಣಿಸುವ ನಿಘಂಟುಕಾರರು ಒಂದು ಕಡೆ, ಹತ್ತಿರದವನ್ನು ಒಂದೇ ತಲೆಬರಹದ ಕೆಳಗೆ ಕೂಡಿಸುವವರು ಇನ್ನೊಂದು ಕಡೆ ಇದ್ದೇ ಇರುತ್ತಾರೆ. ವಿದ್ಯಾರ್ಥಿಗಳಿಗಾಗಿ ಸಿದ್ಧವಾಗುವ ಕಿರುನಿಘಂಟುಗಳು ಇದೇ ‘ರನ್’ ಅನ್ನು ಕೆಲವು ಹತ್ತು ಅರ್ಥಗಳಲ್ಲಿ ಮುಗಿಸಿಬಿಡುತ್ತವೆ. ಹೀಗಾಗಿ ಸಂಖ್ಯೆಗಿಂತ ಮುಖ್ಯವಾದ ಪ್ರಶ್ನೆ, ಇಷ್ಟೊಂದು ಅರ್ಥಗಳು ಒಂದೇ ಪದದ ಸುತ್ತ ಹೇಗೆ ನೆರೆದವು ಎಂಬುದು.

ಒಂದೇ ಪದಕ್ಕೆ ಪರಸ್ಪರ ಸಂಬಂಧವುಳ್ಳ ಹಲವು ಅರ್ಥಗಳಿರುವುದನ್ನು ಭಾಷಾವಿಜ್ಞಾನದಲ್ಲಿ ‘ಪಾಲಿಸೆಮಿ’ ಎನ್ನುತ್ತಾರೆ. ಫ್ರೆಂಚ್ ವಿದ್ವಾಂಸ ಮಿಶೆಲ್ ಬ್ರೆಯಾಲ್ 1897ರ ತಮ್ಮ ಗ್ರಂಥದಲ್ಲಿ ಈ ಪರಿಭಾಷೆಯನ್ನು ಬಳಕೆಗೆ ತಂದರು. ಅಮರಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗವೆಂಬ ಭಾಗವೇ ಇರುವುದರಿಂದ ಭಾರತೀಯ ಓದುಗರಿಗೆ ಈ ಕಲ್ಪನೆ ಹೊಸದಲ್ಲ, ‘ನಾನಾರ್ಥ’ ಎಂಬ ಹಳೆಯ ಪದವೇ ಅದಕ್ಕೆ ಸಾಕು. ಆದರೆ ನಾನಾರ್ಥವನ್ನು ಇನ್ನೊಂದು ಸಂಗತಿಯಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ: ಬೇರೆ ಬೇರೆ ಮೂಲದ ಎರಡು ಪದಗಳು ಕಾಲಾಂತರದಲ್ಲಿ ಉಚ್ಚಾರಣೆ ಸವೆದು ಒಂದೇ ರೂಪಕ್ಕೆ ಬಂದು ನಿಂತಾಗ, ನೋಡುವವರಿಗೆ ಅದು ಒಂದೇ ಪದದ ಎರಡು ಅರ್ಥಗಳಂತೆ ಕಂಡರೂ ಚರಿತ್ರೆಯಲ್ಲಿ ಅವು ಎರಡು ಪದಗಳೇ. ‘ರನ್’ ಪದದ ವಿಶೇಷವೆಂದರೆ ಅದರಲ್ಲಿ ಈ ಎರಡೂ ಪ್ರಕ್ರಿಯೆಗಳು ಹೆಣೆದುಕೊಂಡಿವೆ.

ಹಳೆಯ ಇಂಗ್ಲಿಷಿನಲ್ಲಿ ‘ರಿನ್ನನ್’ ಎಂಬ ಕ್ರಿಯಾಪದವಿತ್ತು. ಅದು ಹೆಚ್ಚಾಗಿ ಕಾಣಿಸಿಕೊಳ್ಳುತ್ತಿದ್ದುದು ಸ್ವರ ಮತ್ತು ರಕಾರ ಸ್ಥಾನ ಬದಲಿಸಿಕೊಂಡ ‘ಇರ್ನನ್’ ಎಂಬ ರೂಪದಲ್ಲಿ. ವಾರಣಾಸಿ ಬನಾರಸ್ ಆದಾಗ ನಡೆದಂಥ ಈ ಬದಲಾವಣೆಗೆ ವರ್ಣಪಲ್ಲಟವೆಂದು ಹೆಸರು. ಈ ಪದಕ್ಕೆ ಕಾಲಿನಿಂದ ಓಡುವುದು ಮತ್ತು ನೀರು ಹರಿಯುವುದು ಎಂಬ ಎರಡು ಅರ್ಥಗಳೂ ಮೊದಲಿನಿಂದಲೇ ಇದ್ದವು. ಇದರ ಪಕ್ಕದಲ್ಲಿಯೇ ‘ಆ್ಯರ್ನನ್’ ಎಂಬ ಇನ್ನೊಂದು ಕ್ರಿಯಾಪದವಿದ್ದು, ಅದಕ್ಕೆ ಓಡಿಸು, ಕುದುರೆ ಸವಾರಿ ಮಾಡು ಎಂಬ ಅರ್ಥವಿತ್ತು. ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದ ಜನರ ಭಾಷೆಯಲ್ಲಿಯೂ ಇಂಥದೇ ಒಂದು ಜೋಡಿ, ಅಂದರೆ ‘ರಿನ್ನ’ ಮತ್ತು ‘ರೆನ್ನ’, ಇತ್ತು. ಈ ನಾಲ್ಕೂ ಮುಂದಿನ ಶತಮಾನಗಳಲ್ಲಿ ಒಂದರೊಳಗೊಂದು ಕರಗಿ, ಮೂಲತಃ ಭೂತಕಾಲದ ರೂಪಗಳಲ್ಲಿದ್ದ ಉಕಾರ ವರ್ತಮಾನಕ್ಕೂ ಹಬ್ಬಿ, ಇಂದಿನ ‘ರನ್’ ಉಳಿಯಿತು. ಸೋದರ ಭಾಷೆಯಾದ ಜರ್ಮನ್ ಹಾಗೆ ಮಾಡಲಿಲ್ಲ. ಅಲ್ಲಿ ತೊಟ್ಟಿಕ್ಕುವ, ಹರಿಯುವ ಕ್ರಿಯೆಗೆ ‘ರಿನ್ನೆನ್’ ಎಂದೂ ಧಾವಿಸುವ ಕ್ರಿಯೆಗೆ ‘ರೆನ್ನೆನ್’ ಎಂದೂ ಎರಡು ಪದಗಳು ಇಂದಿಗೂ ಬೇರೆಯಾಗಿಯೇ ಇವೆ.

ಈ ಕರಗುವಿಕೆಯ ಪರಿಣಾಮ ಬಹಳ ದೂರ ಮುಟ್ಟಿತು. ಕನ್ನಡದಲ್ಲಿ ತಾನೇ ಓಡುವುದಕ್ಕೂ ಇನ್ನೊಂದನ್ನು ಓಡುವಂತೆ ಮಾಡುವುದಕ್ಕೂ ನಡುವೆ ‘ಇಸು’ ಎಂಬ ಪ್ರತ್ಯಯದ ಗೆರೆ ಸ್ಪಷ್ಟವಾಗಿದೆ: ಓಡು ಮತ್ತು ಓಡಿಸು, ನಡೆ ಮತ್ತು ನಡೆಸು, ಹರಿ ಮತ್ತು ಹರಿಸು. ಇಂಥ ಕ್ರಿಯಾಪದಗಳನ್ನು ವ್ಯಾಕರಣದಲ್ಲಿ ಪ್ರೇರಣಾರ್ಥಕಗಳೆಂದು ಕರೆಯುತ್ತಾರೆ. ಇಂಗ್ಲಿಷ್ ಆ ಗೆರೆಯನ್ನು ಕಳೆದುಕೊಂಡ ಕಾರಣ ‘ರನ್’ ಒಂದೇ ರೂಪದಲ್ಲಿ ಎರಡೂ ಕೆಲಸಗಳನ್ನು ಮಾಡತೊಡಗಿತು. ಕುದುರೆ ‘ರನ್’ ಆಗುತ್ತದೆ, ಸವಾರ ಕುದುರೆಯನ್ನು ‘ರನ್’ ಮಾಡುತ್ತಾನೆ. ಯಂತ್ರ, ಅಂಗಡಿ, ಶಾಲೆ, ಕೊನೆಗೆ ದೇಶವೂ ಅದೇ ದಾರಿಯಲ್ಲಿ ಬಂದವು. ಆಡಳಿತ ನಡೆಸುವುದು, ಸಂಸ್ಥೆಯನ್ನು ನಿರ್ವಹಿಸುವುದು ಎಂಬ ಅರ್ಥಗಳು ಓಟದಿಂದ ಹುಟ್ಟಿದ್ದು ಹೇಗೆಂದು ಅಚ್ಚರಿಪಡುವವರು, ಅವು ಓಟದಿಂದ ಹುಟ್ಟಿದವಲ್ಲ, ಓಡಿಸುವುದರಿಂದ ಹುಟ್ಟಿದವು ಎಂಬುದನ್ನು ಗಮನಿಸಿದರೆ ಅರ್ಧ ಗಂಟು ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ.

ಹರಿವಿನ ಅರ್ಥ ಇನ್ನೂ ಫಲವತ್ತಾದುದು. ಇಂಗ್ಲಿಷಿನಲ್ಲಿ ನದಿ, ನಲ್ಲಿ, ಮೂಗು, ಕಣ್ಣೀರು, ಒಗೆದ ಬಟ್ಟೆಯ ಬಣ್ಣ, ಗೋಡೆಗೆ ಬಳಿದ ಹಸಿ ಬಣ್ಣ, ಕರಗಿದ ಬೆಣ್ಣೆ ಇವೆಲ್ಲವೂ ‘ರನ್’ ಆಗುತ್ತವೆ. ಕನ್ನಡಕ್ಕೆ ಬಂದರೆ ನದಿ ಹರಿಯುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ಮೂಗು ಸೋರುತ್ತದೆ, ಕಣ್ಣೀರು ಇಳಿಯುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ. ದ್ರವ ಯಾವುದು, ಅದು ಹೊರಬರುವುದು ಬಯಸಿದ ರೀತಿಯಲ್ಲೋ ಬಯಸದ ರೀತಿಯಲ್ಲೋ ಎಂಬುದಕ್ಕೆ ತಕ್ಕಂತೆ ಕನ್ನಡ ಕ್ರಿಯಾಪದವನ್ನು ಆಯ್ದುಕೊಳ್ಳುತ್ತದೆ. ಇಂಗ್ಲಿಷ್ ಆ ವಿವರವನ್ನು ಕರ್ತೃಪದಕ್ಕೆ ಬಿಟ್ಟು ಕ್ರಿಯಾಪದವನ್ನು ಸಡಿಲವಾಗಿ ಇಟ್ಟುಕೊಳ್ಳುತ್ತದೆ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ತಮ್ಮ ನಿಘಂಟಿನ ಮುನ್ನುಡಿಯಲ್ಲಿ, ಅರ್ಥ ಸಡಿಲವಾಗಿ ಹರಡಿಕೊಂಡು ಹಿಡಿತಕ್ಕೆ ಸಿಗದ ಕ್ರಿಯಾಪದಗಳ ಒಂದು ಪಟ್ಟಿಯನ್ನೇ ಕೊಟ್ಟು, ಅದರಲ್ಲಿ ‘ರನ್’ ಅನ್ನೂ ಹೆಸರಿಸಿದ್ದರು. ಅದೇ ಪಟ್ಟಿಯಲ್ಲಿರುವ ‘ಟೇಕ್’ ಎಂಬ ಪದಕ್ಕೆ ಅವರು 134 ಅರ್ಥಗಳನ್ನು ಬರೆದಿದ್ದಾರೆ.

ಕನ್ನಡದಲ್ಲಿ ಇಂಥ ಹರಹುಳ್ಳ ಕ್ರಿಯಾಪದ ಯಾವುದೆಂದು ಹುಡುಕಿದರೆ ಕಣ್ಣಿಗೆ ಬೀಳುವುದು ‘ಓಡು’ ಅಲ್ಲ, ‘ಹರಿ’. ನೀರು ಹರಿಯುತ್ತದೆ, ಹಾವು ಹರಿಯುತ್ತದೆ, ದೃಷ್ಟಿ ಹರಿಯುತ್ತದೆ, ಬಟ್ಟೆ ಹರಿಯುತ್ತದೆ. ‘ಲಾರಿ ಹರಿದು ಪಾದಚಾರಿ ಸಾವು’ ಎಂಬ ಪತ್ರಿಕಾ ಶೀರ್ಷಿಕೆಯಲ್ಲಿ ಅದು ಇಂಗ್ಲಿಷಿನ ‘ರನ್ ಓವರ್’ ಎಂಬುದಕ್ಕೆ ಸರಿಸಮನಾಗಿ ನಿಲ್ಲುತ್ತದೆ. ಇಲ್ಲಿಯೂ ಎರಡು ಪದಗಳು ಒಂದಾಗಿವೆ. ಹಳಗನ್ನಡದಲ್ಲಿ ಓಡುವುದು, ಪ್ರವಹಿಸುವುದು ಎಂಬ ಅರ್ಥದ ‘ಪರಿ’ ಒಂದು ಪದ. ಕಡಿದುಹೋಗುವುದು, ಸೀಳುವುದು ಎಂಬ ಅರ್ಥದ ‘ಪಱಿ’ ಇನ್ನೊಂದು. ಎರಡನೆಯದರಲ್ಲಿದ್ದ ಶಕಟರೇಫ, ಅಂದರೆ ಈಗ ಬಳಕೆ ತಪ್ಪಿರುವ ಒತ್ತು ರಕಾರ, ಸಾಮಾನ್ಯ ರಕಾರದಲ್ಲಿ ಸೇರಿಹೋಗಿ, ಪದದ ಮೊದಲಿನ ಪಕಾರ ಹಕಾರವಾದ ಮೇಲೆ ಎರಡೂ ‘ಹರಿ’ ಎಂದೇ ಕೇಳತೊಡಗಿದವು. ಹೀಗಾಗಿ ಹೊಳೆ ಹರಿಯುವುದಕ್ಕೂ ಹಾವು ಹರಿಯುವುದಕ್ಕೂ ಇರುವ ನಂಟು ನಾನಾರ್ಥದ ನಂಟು. ಹೊಳೆ ಹರಿಯುವುದಕ್ಕೂ ಬಟ್ಟೆ ಹರಿಯುವುದಕ್ಕೂ ಇರುವುದು ಉಚ್ಚಾರದ ಆಕಸ್ಮಿಕ ಮಾತ್ರ. ಹಳೆಯ ಅಕ್ಷರವೊಂದು ಬರವಣಿಗೆಯಿಂದ ಮರೆಯಾದಾಗ ಎಷ್ಟು ಮಾಹಿತಿ ಅದರೊಂದಿಗೆ ಮರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಯಂತ್ರಗಳ ಕಾಲ ‘ರನ್’ ಪದಕ್ಕೆ ಹೊಸ ಬಲ ಕೊಟ್ಟಿತು. ಗೊತ್ತಾದ ಊರುಗಳ ನಡುವೆ ಗೊತ್ತಾದ ವೇಳೆಗೆ ಸಂಚರಿಸುವ ಕುದುರೆ ಗಾಡಿಗಳಿಗೆ, ಬಳಿಕ ರೈಲುಗಳಿಗೆ ಅದು ಅನ್ವಯಿಸಿತು. ಗಡಿಯಾರ, ಮಗ್ಗ, ಗಿರಣಿ, ಮೋಟಾರು ಹೀಗೆ ನಿಂತಲ್ಲೇ ನಿಂತು ಕೆಲಸ ಮಾಡುವ ವಸ್ತುಗಳೂ ‘ರನ್’ ಆದವು. ಇಪ್ಪತ್ತನೆಯ ಶತಮಾನದ ನಡುವಿನಿಂದ ಕಂಪ್ಯೂಟರಿನ ಪ್ರೋಗ್ರಾಂ ಅದೇ ಸಾಲಿಗೆ ಸೇರಿತು. ನಾಟಕ ಮತ್ತು ಸಿನಿಮಾಗಳ ಪ್ರದರ್ಶನ ದಿನದಿಂದ ದಿನಕ್ಕೆ ಮುಂದುವರಿಯುವುದಕ್ಕೂ ಇದೇ ಪದ ಸಂದಿತು. ಲಂಡನ್ನಿನಲ್ಲಿ 1952ರಲ್ಲಿ ಆರಂಭವಾದ ಅಗಾಥಾ ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ ನಾಟಕದ ದೀರ್ಘ ‘ರನ್’ ಪ್ರಸಿದ್ಧವಾಗಿದೆ. ಕನ್ನಡದಲ್ಲಿಯೂ ಚಿತ್ರ ನೂರು ದಿನ ‘ಓಡಿತು’ ಎನ್ನುವುದು ವಾಡಿಕೆಯಾಗಿದ್ದು, ಅದರ ಮೇಲೆ ಇಂಗ್ಲಿಷಿನ ನೆರಳು ಬಿದ್ದಿರಬಹುದಾದರೂ ಇಂದು ಆ ಮಾತು ಕನ್ನಡದ್ದೇ ಆಗಿಬಿಟ್ಟಿದೆ.

ಆಕ್ಸ್‌ಫರ್ಡ್ ನಿಘಂಟಿನ ಚರಿತ್ರೆಯನ್ನು ಬರೆದಿರುವ ಸೈಮನ್ ವಿಂಚೆಸ್ಟರ್ 2011ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಲೇಖನವೊಂದರಲ್ಲಿ ಈ ಸಂಗತಿಗೆ ಒಂದು ಸಾಂಸ್ಕೃತಿಕ ವಿವರಣೆ ಕೊಟ್ಟರು. ‘ಸೆಟ್’ ನಿಧಾನಗತಿಯ ಹಿಂದಿನ ಯುಗದ ಪದವೆಂದೂ ‘ರನ್’ ಯಂತ್ರಗಳ, ಧಾವಂತದ ಯುಗದ ಪದವೆಂದೂ ಅದರ ತಾತ್ಪರ್ಯ. ಆಕರ್ಷಕವಾದ ಈ ವಿವರಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಯಂತ್ರಗಳು ಬಾರದಿದ್ದರೆ ಅರ್ಥಗಳ ಎಣಿಕೆ ಇಷ್ಟು ಏರುತ್ತಿರಲಿಲ್ಲ. ಆದರೆ ಬೇರೆ ಭಾಷೆಗಳ ಕಡೆಗೆ ತಿರುಗಿದ ಕೂಡಲೇ ಅದರ ಮಿತಿ ಕಾಣುತ್ತದೆ. ಅಂಥದೇ ಕೈಗಾರಿಕಾ ಯುಗವನ್ನು ಹಾದುಬಂದ ಫ್ರೆಂಚರ ಬಾಯಲ್ಲಿ ಯಂತ್ರ ಓಡುವುದಿಲ್ಲ, ‘ಮಾರ್ಶೆ’ ಎಂಬ ಪದದಲ್ಲಿ ನಡೆಯುತ್ತದೆ. ಜರ್ಮನರಲ್ಲಿ ಅದು ‘ಲೌಫೆನ್’ ಎಂಬ ಬೇರೊಂದು ಪದದಲ್ಲಿ ಓಡುತ್ತದೆ. ಹಿಂದಿಯಲ್ಲಿ ‘ಚಲ್‌ನಾ’ ಸಾಕು. ಕನ್ನಡದಲ್ಲಿ ಅಂಗಡಿ, ಶಾಲೆ, ಸರಕಾರ, ಸಂಸಾರ, ಮಾತುಕತೆ, ಮದುವೆ ಎಲ್ಲವೂ ನಡೆಯುತ್ತವೆ, ಮತ್ತು ಯಾರೋ ಅವನ್ನು ನಡೆಸುತ್ತಾರೆ. ಅಧಿಕಾರದ ವ್ಯಾಪ್ತಿಯನ್ನು ಹೇಳುವಾಗ ಇಂಗ್ಲಿಷಿನವರು ದೊರೆಯ ಆಜ್ಞಾಪತ್ರ ಅಲ್ಲಿ ‘ರನ್’ ಆಗುವುದಿಲ್ಲ ಎಂದರೆ, ಕನ್ನಡಿಗರು ಅವನ ಮಾತು ಅಲ್ಲಿ ನಡೆಯುವುದಿಲ್ಲ ಎನ್ನುತ್ತಾರೆ. ಒಂದು ಜನಾಂಗ ಆತುರದ್ದು, ಇನ್ನೊಂದು ಸಾವಧಾನದ್ದು ಎಂದು ಇದರಿಂದ ತೀರ್ಮಾನಿಸುವುದು ತಪ್ಪಾಗುತ್ತದೆ. ‘ರನ್’ ಬೆಳೆದದ್ದಕ್ಕೆ ಮುಖ್ಯ ಕಾರಣ ಇಂಗ್ಲಿಷರ ಮನೋಧರ್ಮಕ್ಕಿಂತ ಇಂಗ್ಲಿಷಿನ ವ್ಯಾಕರಣ: ಪ್ರೇರಣಾರ್ಥಕದ ಗೆರೆ ಅಳಿದದ್ದು ಒಂದು, ಕ್ರಿಯಾಪದದ ಹಿಂದೆ ಚಿಕ್ಕ ಅವ್ಯಯಗಳನ್ನು ಸೇರಿಸುವ ಪದ್ಧತಿ ಇನ್ನೊಂದು.

ಈ ಎರಡನೆಯ ಕಾರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಚಲನೆಯನ್ನು ವರ್ಣಿಸುವಾಗ ಅದು ಯಾವ ರೀತಿಯದು ಮತ್ತು ಯಾವ ದಿಕ್ಕಿನದು ಎಂಬ ಎರಡು ಸಂಗತಿಗಳನ್ನು ಹೇಳಬೇಕಾಗುತ್ತದೆ. ಅಮೆರಿಕದ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ ಭಾಷೆಗಳು ಈ ಎರಡನ್ನು ಬೇರೆ ಬೇರೆ ಜಾಗಗಳಲ್ಲಿ ಇಡುತ್ತವೆ ಎಂಬುದನ್ನು ವಿವರವಾಗಿ ತೋರಿಸಿದರು. ಇಂಗ್ಲಿಷಿನಲ್ಲಿ ರೀತಿ ಕ್ರಿಯಾಪದದೊಳಗೆ ಇರುತ್ತದೆ, ದಿಕ್ಕು ‘ಔಟ್’, ‘ಇನ್‌ಟು’, ‘ಓವರ್’, ‘ಡೌನ್’, ‘ಅಪ್’, ‘ಆಫ್’ ಮುಂತಾದ ಅವ್ಯಯಗಳಿಗೆ ಸೇರುತ್ತದೆ. ಕನ್ನಡದಲ್ಲಿ ‘ಓಡಿಬಂದ’, ‘ಓಡಿಹೋದ’ ಎಂದು ರೀತಿಯೂ ದಿಕ್ಕೂ ಎರಡು ಕ್ರಿಯಾಪದಗಳ ನಡುವೆ ಹಂಚಿಹೋಗುತ್ತವೆ. ಇಂಗ್ಲಿಷಿನ ಪ್ರತಿಯೊಂದು ಅವ್ಯಯದ ಜೋಡಣೆಯೂ ಕ್ರಮೇಣ ತನ್ನದೇ ಅರ್ಥ ಪಡೆಯುತ್ತದೆ: ‘ರನ್ ಔಟ್’ ಎಂದರೆ ಮುಗಿದುಹೋಗುವುದು, ‘ರನ್ ಇನ್‌ಟು’ ಎಂದರೆ ಅಕಸ್ಮಾತ್ತಾಗಿ ಎದುರಾಗುವುದು ಅಥವಾ ಡಿಕ್ಕಿ ಹೊಡೆಯುವುದು, ‘ರನ್ ಡೌನ್’ ಎಂದರೆ ಬ್ಯಾಟರಿಯ ಶಕ್ತಿ ಇಳಿಯುವುದೂ ಹೌದು, ಒಬ್ಬರನ್ನು ಹೀಗಳೆಯುವುದೂ ಹೌದು, ‘ರನ್ ಅಪ್’ ಎಂದರೆ ಸಾಲ ಬೆಳೆಸುವುದೂ ಹೌದು, ಸರಸರನೆ ಒಂದು ಅಂಗಿ ಹೊಲಿದುಕೊಡುವುದೂ ಹೌದು. ದೊಡ್ಡ ನಿಘಂಟಿನ 645ರಲ್ಲಿ ದೊಡ್ಡ ಪಾಲು ಇಂಥ ಜೋಡಣೆಗಳಿಂದ ಬಂದುದು.

ಯಾವ ಚಲನೆಯೂ ಇಲ್ಲದಲ್ಲಿ ‘ರನ್’ ಬರುವ ಬಳಕೆಗಳು ಮನಶ್ಶಾಸ್ತ್ರಜ್ಞರನ್ನೂ ಸೆಳೆದಿವೆ. ರಸ್ತೆ ಕಡಲ ತೀರದುದ್ದಕ್ಕೂ ‘ರನ್’ ಆಗುತ್ತದೆ, ಬೇಲಿ ಹೊಲದ ಅಂಚಿನಲ್ಲಿ ‘ರನ್’ ಆಗುತ್ತದೆ ಎಂದು ಇಂಗ್ಲಿಷಿನವರು ಹೇಳುವಾಗ ರಸ್ತೆಯೂ ಬೇಲಿಯೂ ಇದ್ದಲ್ಲೇ ಇರುತ್ತವೆ. ಟಾಲ್ಮಿ ಇದಕ್ಕೆ ‘ಕಲ್ಪಿತ ಚಲನೆ’ ಎಂಬ ಅರ್ಥದ ಹೆಸರನ್ನು ಕೊಟ್ಟರು. ‘ಈ ದಾರಿ ಶಿರಸಿಗೆ ಹೋಗುತ್ತದೆ’ ಎಂಬ ಕನ್ನಡದ ಮಾತೂ ಇದೇ ಜಾತಿಯದು. ಇದು ಬರಿಯ ಮಾತಿನ ರೂಢಿಯೋ, ಕೇಳುಗರ ಮನಸ್ಸು ನಿಜಕ್ಕೂ ಆ ದಾರಿಯಲ್ಲಿ ಸಾಗುತ್ತದೆಯೋ ಎಂಬುದನ್ನು ಟೀನಿ ಮ್ಯಾಟ್‌ಲಾಕ್ ಪ್ರಯೋಗಗಳಿಂದ ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಧಾನವಾದ ಪ್ರಯಾಣದ, ದೂರದ ಹಾದಿಯ ಅಥವಾ ದುರ್ಗಮ ನೆಲದ ಕಥೆಯನ್ನು ಮೊದಲು ಓದಿದವರು, ಬಳಿಕ ‘ರಸ್ತೆ ಸಾಗುತ್ತದೆ’ ಎಂಬಂಥ ವಾಕ್ಯವನ್ನು ಅರ್ಥಮಾಡಿಕೊಳ್ಳುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡರು. ವೇಗದ, ಹತ್ತಿರದ, ಸುಗಮವಾದ ಪ್ರಯಾಣದ ಕಥೆ ಓದಿದವರು ಬೇಗ ಗ್ರಹಿಸಿದರು. ಚಲನೆಯ ಕ್ರಿಯಾಪದವಿಲ್ಲದ ವಾಕ್ಯಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಸತ್ತ ರೂಪಕವೆಂದು ವ್ಯಾಕರಣ ಪುಸ್ತಕಗಳು ಬದಿಗಿಡುವ ಬಳಕೆಯಲ್ಲಿಯೂ ಮೂಲಾರ್ಥದ ಉಸಿರು ಆಡುತ್ತಿರುತ್ತದೆ ಎಂಬುದಕ್ಕೆ ಇದು ಗಟ್ಟಿಯಾದ ಆಧಾರ.

ಇದಕ್ಕೆ ವಿರುದ್ಧವಾಗಿ, ಓಟ ಪೂರ್ತಿಯಾಗಿ ಕಳಚಿಹೋಗಿರುವ ಉದಾಹರಣೆಗಳೂ ಇವೆ. ಕ್ರಿಕೆಟ್ಟಿನಲ್ಲಿ ಎರಡು ವಿಕೆಟ್‌ಗಳ ನಡುವೆ ಬ್ಯಾಟುಗಾರರು ಓಡಿ ಗಳಿಸುವುದು ‘ರನ್’ ಆಗಿದ್ದರೂ ಚೆಂಡು ಗೆರೆ ದಾಟಿದರೆ ಯಾರೂ ಓಡದೆ ನಾಲ್ಕು ‘ರನ್’ ಬರುತ್ತವೆ. ಬ್ಯಾಂಕೊಂದರ ಮೇಲೆ ನಂಬಿಕೆ ಕಳೆದುಕೊಂಡ ಠೇವಣಿದಾರರು ಒಟ್ಟಿಗೇ ಹಣ ಹಿಂಪಡೆಯಲು ಮುಗಿಬೀಳುವುದಕ್ಕೂ ‘ರನ್’ ಎಂದೇ ಹೆಸರು; ಹಿಂದೆ ಅದು ಬಾಗಿಲ ಮುಂದಿನ ಉದ್ದನೆಯ ಸಾಲಾಗಿ ಕಾಣುತ್ತಿತ್ತು, ಆದರೆ 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನದಲ್ಲಿ 42 ಬಿಲಿಯನ್ ಡಾಲರುಗಳನ್ನು ಹಿಂತೆಗೆಯಲು ಗ್ರಾಹಕರು ಮುಂದಾದಾಗ ಅವರಲ್ಲಿ ಬಹುಪಾಲು ಜನ ಕುರ್ಚಿಯಿಂದ ಏಳಲೂ ಇಲ್ಲ. ಚುನಾವಣೆಯ ವಿಷಯದಲ್ಲಂತೂ ಇಂಗ್ಲಿಷಿನೊಳಗೇ ಎರಡು ಪದ್ಧತಿಗಳಿವೆ. ಅಮೆರಿಕದಲ್ಲಿ ಅಭ್ಯರ್ಥಿ ಅಧ್ಯಕ್ಷ ಪದವಿಗಾಗಿ ‘ರನ್’ ಆಗುತ್ತಾರೆ, ಬ್ರಿಟನ್ನಿನಲ್ಲಿ ಸಂಸತ್ತಿಗಾಗಿ ‘ಸ್ಟ್ಯಾಂಡ್’ ಆಗುತ್ತಾರೆ. ಅಮೆರಿಕದ ಉಪಾಧ್ಯಕ್ಷ ಅಭ್ಯರ್ಥಿಗೆ ಇರುವ ‘ರನ್ನಿಂಗ್ ಮೇಟ್’ ಎಂಬ ಹೆಸರು ಕುದುರೆ ಪಂದ್ಯದಿಂದ ಬಂದುದು. ಒಂದೇ ಲಾಯದ ಮುಖ್ಯ ಕುದುರೆಗೆ ವೇಗ ಹೊಂದಿಸಿಕೊಡಲು ಜೊತೆಗೆ ಓಡಿಸುತ್ತಿದ್ದ ಕುದುರೆಗೆ ಆ ಹೆಸರಿತ್ತು. ಕನ್ನಡಿಗರು ಚುನಾವಣೆಗೆ ನಿಲ್ಲುತ್ತಾರೆ, ಮತ್ತು ಈ ವಿಷಯದಲ್ಲಿ ಬ್ರಿಟಿಷ್ ಬಳಕೆಯ ಪಕ್ಕದಲ್ಲಿಯೇ ಇದ್ದಾರೆ.

ಆಡುಗನ್ನಡ ಈ ಪದವನ್ನು ಎರವಲು ಪಡೆದಾಗ 645ರಲ್ಲಿ ಯಾವುದು ಬೇಕೋ ಅದನ್ನಷ್ಟೇ ಆರಿಸಿಕೊಂಡಿತು. ಕಾಲೇಜಿನಲ್ಲಿ ಮೇಷ್ಟ್ರು ಹೇಳುತ್ತ ಹೋದಂತೆ ಬರೆದುಕೊಳ್ಳುವ ‘ರನ್ನಿಂಗ್ ನೋಟ್ಸ್’, ಗುತ್ತಿಗೆದಾರರು ಕಾಮಗಾರಿ ನಡೆಯುತ್ತಿರುವಾಗಲೇ ಸಲ್ಲಿಸುವ ‘ರನ್ನಿಂಗ್ ಬಿಲ್’, ಹಳೆಯ ಗಾಡಿ ಮಾರುವವರು ಹೇಳುವ ‘ರನ್ನಿಂಗ್ ಕಂಡಿಷನ್’, ತಂತ್ರಾಂಶವನ್ನು ‘ರನ್ ಮಾಡುವುದು’ ಇವುಗಳಲ್ಲಿ ಕಾಲಿನ ಓಟ ಎಲ್ಲಿಯೂ ಇಲ್ಲ. ನಿಲ್ಲದೆ ಮುಂದುವರಿಯುವುದು, ಚಾಲ್ತಿಯಲ್ಲಿರುವುದು ಎಂಬ ಎಳೆ ಮಾತ್ರ ಇದೆ. ಕಾಲಿನ ಓಟಕ್ಕೆ ಕನ್ನಡದಲ್ಲಿ ಒಳ್ಳೆಯ ಪದವಿದ್ದುದರಿಂದ ಅದನ್ನು ತರುವ ಅಗತ್ಯವೇ ಬೀಳಲಿಲ್ಲ.

ಇಂಗ್ಲಿಷ್–ಕನ್ನಡ ನಿಘಂಟುಗಳಿಗೆ ಇಲ್ಲಿ ಒಂದು ಕೆಲಸ ಕಾದಿದೆ. ಮೈಸೂರು ವಿಶ್ವವಿದ್ಯಾನಿಲಯ 1946ರಲ್ಲಿ ಪ್ರಕಟಿಸಿದ ನಿಘಂಟಿನಿಂದ ಮೊದಲ್ಗೊಂಡು ಕನ್ನಡದಲ್ಲಿ ಈ ದಿಕ್ಕಿನ ದೊಡ್ಡ ಪರಂಪರೆಯೇ ಇದ್ದರೂ, ‘ರನ್’ ತರಹದ ಪದಗಳಿಗೆ ಸಮಾನಾರ್ಥಕಗಳ ಸಾಲನ್ನು ಕೊಟ್ಟರೆ ಸಾಲದು. ಯಾವ ಕರ್ತೃಪದದೊಂದಿಗೆ ಯಾವ ಕನ್ನಡ ಕ್ರಿಯಾಪದ ಹೊಂದುತ್ತದೆ ಎಂಬ ವಿವರವೇ ಅನುವಾದಕರಿಗೆ ಬೇಕಾಗಿರುವುದು. ಮೂಗಿಗೆ ಸೋರು, ಬಣ್ಣಕ್ಕೆ ಬಿಡು, ಬಾವಿಗೆ ಬತ್ತು, ಸುದ್ದಿಗೆ ಪ್ರಕಟಿಸು, ಮನೆತನದ ಗುಣಕ್ಕೆ ರಕ್ತಗತವಾಗಿ ಬರು, ಶಸ್ತ್ರಾಸ್ತ್ರಗಳಿಗೆ ಕಳ್ಳಸಾಗಣೆ ಮಾಡು ಎಂದು ಬಿಡಿಸಿ ಹೇಳದ ನಮೂದನ್ನು ನಂಬಿದ ವಿದ್ಯಾರ್ಥಿ ಮೂಗು ಓಡುತ್ತದೆ ಎಂದೇ ಬರೆಯುತ್ತಾನೆ.

ಕಾನೂನಿನ ಭಾಷೆಯಲ್ಲಿ ಈ ವಿವರಕ್ಕೆ ಇನ್ನೂ ಹೆಚ್ಚಿನ ತೂಕವಿದೆ. ದಾವೆ ಹೂಡಲು ಇರುವ ಗಡುವುಗಳನ್ನು ನಿಗದಿಪಡಿಸುವ 1963ರ ಲಿಮಿಟೇಶನ್ ಕಾಯ್ದೆಯ ಅನುಸೂಚಿಯಲ್ಲಿ ಮೂರು ಅಂಕಣಗಳಿದ್ದು, ಗಡುವು ಯಾವಾಗಿನಿಂದ ‘ರನ್’ ಆಗತೊಡಗುತ್ತದೆ ಎಂಬುದೇ ಮೂರನೆಯದರ ತಲೆಬರಹ. ಅದನ್ನು ಕಾಲ ಓಡುತ್ತದೆ ಎಂದು ಅನುವಾದಿಸಿದರೆ ಕವಿತೆಯಾಗುತ್ತದೆ, ಕಾಯ್ದೆಯಾಗುವುದಿಲ್ಲ. ಎಣಿಕೆಗೆ ಬರುವುದು, ಆರಂಭವಾಗುವುದು ಎಂಬುದೇ ಅಲ್ಲಿನ ಅರ್ಥ. 1973ರ ದಂಡ ಪ್ರಕ್ರಿಯಾ ಸಂಹಿತೆಯ 31ನೆಯ ಕಲಂ ಒಂದೇ ವಿಚಾರಣೆಯಲ್ಲಿ ಹಲವು ಅಪರಾಧಗಳು ಸಾಬೀತಾದಾಗ ಶಿಕ್ಷೆಗಳು ಒಂದರ ನಂತರ ಒಂದು ಆರಂಭವಾಗಬೇಕೆಂದೂ, ನ್ಯಾಯಾಲಯ ಸೂಚಿಸಿದರೆ ಮಾತ್ರ ಒಟ್ಟೊಟ್ಟಿಗೆ ‘ರನ್’ ಆಗಬೇಕೆಂದೂ ಹೇಳಿತ್ತು. ಮೂರು ವರ್ಷ ಮತ್ತು ಐದು ವರ್ಷಗಳ ಎರಡು ಶಿಕ್ಷೆಗಳು ಒಟ್ಟೊಟ್ಟಿಗೆ ಸಾಗಿದರೆ ಸೆರೆವಾಸ ಐದು ವರ್ಷಕ್ಕೆ ತೀರುತ್ತದೆ, ಒಂದಾದ ಮೇಲೊಂದು ಸಾಗಿದರೆ ಎಂಟು ವರ್ಷವಾಗುತ್ತದೆ. ಇಂಥ ತೀರ್ಪುಗಳನ್ನು ವರದಿ ಮಾಡುವಾಗ ಕನ್ನಡ ಪತ್ರಿಕೆಗಳು ಓಡುವ ಮಾತನ್ನೇ ಎತ್ತದೆ, ಅಪರಾಧಿ ಶಿಕ್ಷೆಗಳನ್ನು ಏಕಕಾಲಕ್ಕೆ ಅನುಭವಿಸಬೇಕು ಎಂದು ಬರೆಯುತ್ತವೆ. ಇಂಗ್ಲಿಷಿನಲ್ಲಿ ಕರ್ತೃವಾಗಿದ್ದ ಶಿಕ್ಷೆ ಕನ್ನಡದಲ್ಲಿ ಕರ್ಮವಾಗಿ, ಅನುಭವಿಸುವ ಮನುಷ್ಯ ಕರ್ತೃವಾಗಿ, ಅರ್ಥ ಒಂದಿಷ್ಟೂ ಸೋರದೆ ಉಳಿದುಕೊಂಡಿದೆ.